ಅಲುಗಾಡದ ವಿಡಿಯೋ

ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಅವಳು ಸೂಜಿ ಹಿಡಿದು ಇಪ್ಪತ್ತೆರಡು ವರ್ಷವಾಗಿತ್ತು. ರೋಗಿಗಳು ಅವಳಿಗೆ ಇಟ್ಟ ಹೆಸರು ‘ನೋಯಿಸದ ಅಕ್ಕ’. ಚೀಟಿ ಹಿಡಿದು ಸರದಿಯಲ್ಲಿ ಕೂತವರು ಬಾಗಿಲಲ್ಲಿ ಇಣುಕಿ, ಕಿಟಕಿ ಪಕ್ಕದ ಕುರ್ಚಿಯ ಬಳಿ ಅವಳು ಕಾಣದಿದ್ದರೆ, ಹಿಂದಿನವರಿಗೆ “ನೀವು ಹೋಗಿ, ನನಗೇನೂ ಅವಸರ ಇಲ್ಲ” ಎಂದು ದೊಡ್ಡತನ ತೋರಿಸುತ್ತಿದ್ದರು. ಮಕ್ಕಳನ್ನು, ಮುದುಕರನ್ನು, ಔಷಧಿ ತಿಂದು ತಿಂದು ರಕ್ತನಾಳವೇ ಒಳಗೆ ಅಡಗಿಹೋದವರನ್ನು ಉಳಿದ ಸಿಬ್ಬಂದಿ ಅವಳ ಬಳಿಗೇ ಕಳಿಸುತ್ತಿದ್ದರು. ಅವಳು ಮೊಣಕೈಯ ಮಡಿಕೆಯನ್ನು ಎರಡು ಬೆರಳಿನಿಂದ ತಡವಿ, ಏನೋ ಒಂದು ಪ್ರಶ್ನೆ ಕೇಳುವಳು. ಅವರು ಉತ್ತರ ಹೇಳಿ ಮುಗಿಸುವುದರೊಳಗೆ ಹತ್ತಿ ಒತ್ತಿ ಆಗಿರುತ್ತಿತ್ತು.

ಆ ವರ್ಷ ಅವಳ ಬಲಗೈ ನಡುಗತೊಡಗಿತು. ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡರೆ ಏನೂ ಇಲ್ಲ. ಏನನ್ನಾದರೂ ಹಿಡಿದು ಮುಂದಕ್ಕೆ ಚಾಚಿದರೆ ಮಾತ್ರ, ಬೆರಳ ತುದಿಯಲ್ಲಿ ಸಣ್ಣಗೆ, ದೂರದಲ್ಲಿ ಲಾರಿ ಹೋದಾಗ ಕಿಟಕಿ ಗಾಜು ಅದಿರುವ ಹಾಗೆ. ಅವಳು ಮೊದಲು ನಿದ್ದೆಯ ಮೇಲೆ ತಪ್ಪು ಹೊರಿಸಿದಳು, ಆಮೇಲೆ ಕಾಫಿಯ ಮೇಲೆ. ಕಾಫಿ ಬಿಟ್ಟಳು. ತಲೆನೋವು ಬಂತೇ ಹೊರತು ನಡುಕ ಹೋಗಲಿಲ್ಲ.

ಗಂಡನಿಗೂ ಗೊತ್ತಾಗಿತ್ತು. ಬೆಳಿಗ್ಗೆ ಅವಳು ಚಹಾ ಬಗ್ಗಿಸುವಾಗ ಕೆಟಲಿನ ಮೂತಿ ಬಟ್ಟಲಿನ ಅಂಚಿಗೆ ತಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಅವನು ಪತ್ರಿಕೆಯಿಂದ ತಲೆ ಎತ್ತುತ್ತಿರಲಿಲ್ಲ. ಅವನ ಸ್ವಭಾವವೇ ಅದು. ಯಾರ ಮನಸ್ಸಿಗೂ ನೋವಾಗಬಾರದೆಂದು ಬಾಯಿಗೆ ಬೀಗ ಹಾಕಿಕೊಳ್ಳುವ ಜಾತಿಯವನು. ಕ್ಯಾಮೆರಾ ರಿಪೇರಿ ಅವನ ಕಸುಬು. ಸರ್ವೀಸ್ ಸೆಂಟರಿನಲ್ಲಿ ಹಸಿರು ರಬ್ಬರು ಹಾಸಿದ ಮೇಜಿನ ಮುಂದೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಅಕ್ಕಿಕಾಳಿಗಿಂತ ಸಣ್ಣ ತಿರುಪುಗಳೊಂದಿಗೆ ದಿನ ಕಳೆಯುತ್ತಿದ್ದ. ಆ ತಿರುಪುಗಳಿಗೆ ಸಾಂತ್ವನ ಹೇಳಬೇಕಾಗಿರಲಿಲ್ಲ.

ಮನೆಗೆ ವಿಡಿಯೋ ಕ್ಯಾಮೆರಾ ಬಂದದ್ದು ಮಗಳಿಗಾಗಿ. ಹನ್ನೆರಡರ ಮಗಳು ಈಜುತ್ತಿದ್ದಳು. ಕೊಳದ ಗೋಡೆ ಮುಟ್ಟಿ ತಿರುಗುವಾಗ ಎಲ್ಲೋ ಅರ್ಧ ಸೆಕೆಂಡು ಕಳೆದುಕೊಳ್ಳುತ್ತಿದ್ದಾಳೆ, ವಿಡಿಯೋ ಮಾಡಿ ತನ್ನಿ, ಎಲ್ಲಿ ಅಂತ ತೋರಿಸುತ್ತೇನೆ ಎಂದಿದ್ದರು ತರಬೇತಿಯ ಮೇಡಂ. ಅವನು ಅಂಗಡಿಗೆ ಹೋದ. ಮಾರುವವನು ಪಾಠ ಒಪ್ಪಿಸುವ ಹಾಗೆ ಶುರು ಮಾಡಿದ.

“ಇನ್ನೂರು ಪಟ್ಟು ಜೂಮ್ ಸಾರ್! ಆ ಕಡೆ ಕಟ್ಟಡದ ಮೇಲಿರೋ ಕಾಗೆಯ ಕಣ್ಣೂ ಕಾಣುತ್ತೆ.”

“ಅದು ಡಿಜಿಟಲ್ ಜೂಮ್. ಇದ್ದಿದ್ದನ್ನೇ ಎಳೆದು ದೊಡ್ಡದು ಮಾಡೋದು, ಸಾರಿಗೆ ನೀರು ಸುರಿದ ಹಾಗೆ. ಲೆನ್ಸಿನದ್ದು ಎಷ್ಟು ಹೇಳಿ.”

“ಇಪ್ಪತ್ತು,” ಎಂದ ಮಾರುವವನು, ದನಿ ತಗ್ಗಿಸಿ.

“ಹಾಂ, ಅಷ್ಟು ಸಾಕು.”

ಅಂಗೈ ಅಗಲದ, ಬೂದು ಬಣ್ಣದ ಫುಲ್ ಎಚ್‌.ಡಿ. ಕ್ಯಾಮೆರಾ. ಪಕ್ಕಕ್ಕೆ ಪುಸ್ತಕದ ಹಾಗೆ ತೆರೆಯುವ ಪರದೆ; ಅದನ್ನು ತಿರುಗಿಸಿದರೆ ತನ್ನನ್ನೇ ತಾನು ನೋಡಿಕೊಳ್ಳಬಹುದು. ಮುಖ ಕಂಡರೆ ತಾನಾಗಿ ಅದರ ಮೇಲೆ ಫೋಕಸ್ ಮಾಡುತ್ತಿತ್ತು, ಯಾರಾದರೂ ನಕ್ಕರೆ ವಿಡಿಯೋ ನಡುವೆಯೇ ಫೋಟೋ ತೆಗೆದುಕೊಳ್ಳುತ್ತಿತ್ತು. ಗಾಳಿಯ ಗೊರಗೊರ ಸದ್ದನ್ನು ಕಡಿಮೆ ಮಾಡುತ್ತಿತ್ತು. ಗುಂಡಿ ಒತ್ತುವುದಕ್ಕೂ ಮೂರು ಸೆಕೆಂಡು ಹಿಂದಿನದನ್ನು ಕೂಡ ಹಿಡಿದಿಡುತ್ತಿತ್ತು.

“ಒತ್ತೋದಕ್ಕೆ ಮುಂಚೆ ನಡೆದದ್ದು ಹೇಗ್ರೀ ಬರುತ್ತೆ?” ಎಂದಳು ಹೆಂಡತಿ.

“ಅದು ಸುಮ್ನೆ ನೋಡ್ತಾನೇ ಇರುತ್ತೆ. ಒತ್ತಿದಾಗ ಕೊನೇ ಮೂರು ಸೆಕೆಂಡು ಉಳಿಸಿಕೊಳ್ಳುತ್ತೆ. ಇಲ್ಲದಿದ್ರೆ ಮರೆತುಬಿಡುತ್ತೆ.”

“ನಮ್ಮ ಅತ್ತೆ ಥರ,” ಎಂದಳು. ಮಗಳು ನಕ್ಕಳು, ಕ್ಯಾಮೆರಾ ಫೋಟೋ ತೆಗೆಯಿತು.

ಅವನು ಮೆನುವಿಗೆ ಹೋಗಿ ಒಂದೊಂದನ್ನೇ ಸರಿಮಾಡಿದ. ಕೊನೆಗೆ ಸ್ಟೆಬಿಲೈಜರ್ ಬಂತು. ಅದನ್ನು ಅತಿ ಹೆಚ್ಚಿನ ಮಟ್ಟಕ್ಕೆ ಇಟ್ಟ. ಹಿಡಿದವರ ಕೈ ಎಷ್ಟು, ಯಾವ ಕಡೆಗೆ ಅಲುಗಿತು ಎಂದು ಒಳಗಿನ ಎರಡು ಪುಟ್ಟ ಸೆನ್ಸರುಗಳು ಗುರುತಿಸುತ್ತವೆ. ಅಷ್ಟನ್ನೇ ಒಂದು ಗಾಜು ವಿರುದ್ಧ ದಿಕ್ಕಿಗೆ ಸರಿದು ಸರಿದೂಗಿಸುತ್ತದೆ. ಕೆಟ್ಟುಹೋದ ಇಂಥ ಸೆನ್ಸರುಗಳನ್ನು ಅವನು ನೂರಾರು ಬದಲಾಯಿಸಿದ್ದ. ಅಭ್ಯಾಸಬಲದಿಂದ ಇಟ್ಟನೇ ಹೊರತು ಆಗ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಭಾನುವಾರ ಈಜಿನ ಸ್ಪರ್ಧೆ. ಮೆಟ್ಟಿಲಿನ ಮೂರನೇ ಸಾಲಲ್ಲಿ ಕೂತಿದ್ದರು. ಅವನು ಕ್ಯಾಮೆರಾದ ಪಟ್ಟಿಗೆ ಕೈ ತೂರಿಸುವಷ್ಟರಲ್ಲಿ ಹೆಂಡತಿ, “ಕೊಡಿ ಇಲ್ಲಿ, ನಾನು ಹಿಡೀತೀನಿ” ಎಂದಳು. ಅವನು ಒಂದು ಕ್ಷಣ ತಡೆದ. ಕೊಟ್ಟ. ಅವಳು ಮೊಣಕೈಯನ್ನು ಪಕ್ಕೆಗೆ ಒತ್ತಿ, ಜೂಮನ್ನು ಪೂರ್ತಿ ಎಳೆದು, ನಾಲ್ಕು ಸುತ್ತನ್ನೂ ಉಸಿರು ಬಿಗಿಹಿಡಿದು ತೆಗೆದಳು. ಮಗಳು ಐದನೆಯವಳಾಗಿ ಬಂದಳು.

ಮನೆಗೆ ಬಂದು ಟಿ.ವಿ.ಗೆ ತಂತಿ ಸಿಕ್ಕಿಸಿ ನೋಡಿದರು. ನೀರಿನ ಹನಿಗಳು ಒಂದೊಂದಾಗಿ ಕಾಣುತ್ತಿದ್ದವು. ಮಗಳ ಬೆರಳು ನೀರು ಸೀಳುವುದು, ಟೋಪಿಯ ಅಂಚಿನಿಂದ ಹೊರಬಂದ ಒಂದು ಎಳೆ ಕೂದಲು, ಎಲ್ಲ ಸ್ಪಷ್ಟ. ಚಿತ್ರ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು.

ಮಗಳು ತನ್ನನ್ನು ನೋಡುತ್ತಿದ್ದಳು. ಹೆಂಡತಿ ಚಿತ್ರದ ಅಂಚುಗಳನ್ನು ನೋಡುತ್ತಿದ್ದಳು.

“ನೋಡಿದ್ರಾ?” ಎಂದಳು ಗಂಡನಿಗೆ. “ಒಂಚೂರಾದ್ರೂ ಅಲುಗಾಡಿದೆಯಾ? ನಾನು ಸುಮ್ನೆ ಏನೇನೋ ಅಂದ್ಕೊಂಡು ಒದ್ದಾಡ್ತಿದ್ದೆ.”

ಎಷ್ಟೋ ವಾರಗಳಿಂದ ಅವಳ ಮುಖದಲ್ಲಿ ಅಂಥ ಹಗುರ ಕಂಡಿರಲಿಲ್ಲ. ಅವನು ಪರದೆಯ ಕಡೆ ತಿರುಗಿ, “ಇಲ್ಲ. ಚೆನ್ನಾಗಿ ಬಂದಿದೆ” ಎಂದ. ಅದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಆಮೇಲೆ ಅವಳು ಸಿಕ್ಕಿದ್ದೆಲ್ಲವನ್ನೂ ತೆಗೆದಳು. ಒಣಗಲು ಹಾಕಿದ ಬಟ್ಟೆ, ಎದುರುಮನೆಯ ಬೆಕ್ಕು, ಗಂಡ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಉಗುರು ಕತ್ತರಿಸುವುದು. ಪ್ರತಿ ಸಲವೂ ಟಿ.ವಿ.ಯಲ್ಲಿ ಹಾಕಿ ನೋಡುವಳು. ನೋಡಿ ಮುಗಿದ ಮೇಲೆ ಬೆಕ್ಕನ್ನೂ ಬಟ್ಟೆಯನ್ನೂ ಅಳಿಸಿಬಿಡುವಳು.

ಆಸ್ಪತ್ರೆಯಲ್ಲಿ ಮಾತ್ರ ಬೇರೆ ನಡೆಯುತ್ತಿತ್ತು. ಒಂದು ವಾರ ಇಬ್ಬರಿಗೆ ಎರಡೆರಡು ಸಲ ಚುಚ್ಚಬೇಕಾಯಿತು. ಮುಂದಿನ ವಾರ ನಾಲ್ವರಿಗೆ. “ನರ ಜಾರಿಹೋಗುತ್ತೆ ಕಣ್ರೀ, ಈಗಿನವರು ನೀರೇ ಕುಡಿಯಲ್ಲ” ಎಂದಳು ರಾತ್ರಿ ಊಟದಲ್ಲಿ. ಗಂಡ ತಟ್ಟೆ ನೋಡಿಕೊಂಡು “ಹೂಂ” ಎಂದ. ನೀರು ಕುಡಿದ. ಹೇಳಬೇಕು ಎಂದುಕೊಂಡ; ಇವತ್ತು ಬೇಡ, ದಣಿದಿದ್ದಾಳೆ ಎಂದುಕೊಂಡ. ಮರುದಿನವೂ ಅವಳು ದಣಿದೇ ಇದ್ದಳು.

ಕ್ಯಾಮೆರಾ ಬಂದ ಐದನೇ ವಾರ ಮೇಷ್ಟ್ರು ಬಂದರು. ನಿವೃತ್ತರಾದ ಗಣಿತದ ಮೇಷ್ಟ್ರು. ದೊಡ್ಡ ಕಾಯಿಲೆಯ ಔಷಧಿ ನಡೆಯುತ್ತಿದ್ದುದರಿಂದ ಹದಿನೈದು ದಿನಕ್ಕೊಮ್ಮೆ ರಕ್ತ ಕೊಡಲೇಬೇಕು. ಒಂದೂವರೆ ವರ್ಷದಿಂದ ಅವಳ ಬಳಿಯೇ ಬರುತ್ತಿದ್ದರು. ಆ ದಿನ ಮೂರು ಸಲ ಚುಚ್ಚಿದಳು. ಮೂರನೇ ಸಲ ಚರ್ಮದಡಿ ನೀಲಿ ಗುಳ್ಳೆ ಎದ್ದಿತು. ಮೇಷ್ಟ್ರು ತುಟಿ ಕಚ್ಚಿ, ಕಿಟಕಿಯಾಚೆ ನೋಡುತ್ತ, “ಇವತ್ತು ನಿಮ್ಮ ಕೈಗೆ ಏನಾಗಿದೆಯಮ್ಮಾ?” ಎಂದರು.

“ನಿಮ್ಮ ನರಾನೇ ಸಿಗ್ತಿಲ್ಲ ಮೇಷ್ಟ್ರೇ,” ಎಂದಳು ಅವಳು.

ಮೇಷ್ಟ್ರು ತೋಳಿನ ಗುಂಡಿ ಹಾಕಿಕೊಂಡು, ಪಕ್ಕದ ಕುರ್ಚಿಯವರ ಬಳಿ ಹೋಗಿ ಕೂತರು.

ಅದೇ ವಾರದ ಕೊನೆಗೆ ತರಬೇತಿಯ ಮೇಡಂ, ಕ್ಯಾಮೆರಾವನ್ನು ಕೊಳದ ಪಕ್ಕ ಸ್ಟ್ಯಾಂಡಿನ ಮೇಲಿಟ್ಟು ತಿರುವನ್ನಷ್ಟೇ ತೆಗೆಯಿರಿ ಎಂದು ಹೇಳಿ ಕಳಿಸಿದರು. ಮಗಳು ಕ್ಯಾಮೆರಾದ ಪುಸ್ತಕ ಹಿಡಿದು ನೆಲದಲ್ಲಿ ಬೋರಲು ಮಲಗಿದ್ದಳು.

“ಅಮ್ಮಾ, ಸ್ಟ್ಯಾಂಡ್ ಮೇಲಿಟ್ರೆ ಇದನ್ನ ಆಫ್ ಮಾಡ್ಬೇಕಂತೆ.”

“ಯಾವುದನ್ನ?”

“ಕೈ ನಡುಕ ಸರಿ ಮಾಡೋದನ್ನ. ಕೈಯಲ್ಲಿ ಹಿಡಿದಾಗ ಆನ್ ಇರ್ಬೇಕು, ನಮ್ಮ ನಡುಕ ಅದು ತೆಗೆದುಹಾಕುತ್ತಂತೆ. ನಮ್ಮದು ಫುಲ್ ಆನ್ ಇದೆ ನೋಡು.”

ಅವಳು ಪುಸ್ತಕ ತೆಗೆದುಕೊಂಡಳು. ಆ ಪುಟವನ್ನು ನಿಂತೇ ಎರಡು ಸಲ ಓದಿದಳು. “ಹೋಗು, ಸ್ನಾನ ಮಾಡು” ಎಂದಳು.

ಬಚ್ಚಲಲ್ಲಿ ನೀರಿನ ಸದ್ದು ಕೇಳಿದ ಮೇಲೆ ಅವಳು ಕೋಣೆಯ ಈ ತುದಿಯಲ್ಲಿ ನಿಂತು, ಆ ತುದಿಯ ಗೋಡೆಯ ಕ್ಯಾಲೆಂಡರನ್ನು ಪೂರ್ತಿ ಜೂಮ್ ಮಾಡಿ ಒಂದು ನಿಮಿಷ ತೆಗೆದಳು. ಸ್ಟೆಬಿಲೈಜರ್ ಆಫ್ ಮಾಡಿ ಮತ್ತೆ ಒಂದು ನಿಮಿಷ. ಆಮೇಲೆ ಕ್ಯಾಮೆರಾವನ್ನು ಎಡಗೈಗೆ ಬದಲಾಯಿಸಿ ಮತ್ತೊಂದು ನಿಮಿಷ. ಪ್ರಯೋಗಾಲಯದಲ್ಲಿ ಪಳಗಿದವಳು, ಒಂದು ಫಲಿತಾಂಶವನ್ನು ನಂಬುವುದಕ್ಕೆ ಇನ್ನೊಂದು ಬೇಕು.

ಟಿ.ವಿ.ಯಲ್ಲಿ ಹಾಕಿದಳು. ಮೊದಲನೆಯದರಲ್ಲಿ ಅಂಕಿಗಳು ನಿಂತಲ್ಲೇ ಇದ್ದವು. ಎರಡನೆಯದರಲ್ಲಿ ಹದಿನಾಲ್ಕು ಹದಿನೈದರ ಜಾಗಕ್ಕೆ ಹೋಗಿ ಹೋಗಿ ಬರುತ್ತಿತ್ತು. ಎಡಗೈಯದರಲ್ಲಿ ಅಲುಗಾಟ ಇತ್ತು, ಆದರೆ ಎಲ್ಲರ ಕೈಯಲ್ಲೂ ಇರುವಷ್ಟು. ಅವಳು ಎರಡನೆಯದನ್ನು ಮತ್ತೆ ಮೊದಲಿನಿಂದ ನೋಡಿದಳು. ಅಳು ಬರಲಿಲ್ಲ. ಮೇಷ್ಟ್ರ ತೋಳಿನ ನೀಲಿ ಗುಳ್ಳೆಯ ಗಾತ್ರ ನೆನಪಾಯಿತು.

ಸಂಜೆ ಗಂಡ ಬಂದಾಗಲೂ ಟಿ.ವಿ.ಯಲ್ಲಿ ಆ ಅಂಕಿಗಳು ಕುಣಿಯುತ್ತಿದ್ದವು. ಚೀಲ ಕೆಳಗಿಡದೆ ನಿಂತ.

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಆವತ್ತೇ?”

“ಆವತ್ತೇ. ನಾನೇ ಆನ್ ಮಾಡಿಟ್ಟಿದ್ದೆ. ನಿನಗೋಸ್ಕರ ಅಲ್ಲ, ಸುಮ್ನೆ. ಆಮೇಲೆ ನಿನ್ನ ಮುಖ ನೋಡಿ ಹೇಳೋಕೆ ಬಾಯಿ ಬರಲಿಲ್ಲ.”

“ನೀವು ನನ್ನ ಮುಖ ನೋಡಿದ್ರಿ,” ಎಂದಳು. “ನಾನು ಚುಚ್ಚಿದ್ದು ಬೇರೆಯವರ ಕೈಗೆ. ಹದಿನೇಳು ಜನ. ಕ್ಯಾಮೆರಾ ಬಂದ ಮೇಲೆ ಹದಿನೇಳು ಜನಕ್ಕೆ ಎರಡೆರಡು ಸಲ, ಒಬ್ಬರಿಗೆ ಮೂರು ಸಲ.”

“ನಿನಗೂ ಅನುಮಾನ ಇತ್ತಲ್ಲ,” ಎಂದ ಅವನು, ಮೆಲ್ಲಗೆ.

ಅವಳು ಟಿ.ವಿ. ಆರಿಸಿದಳು. “ಇತ್ತು,” ಎಂದಳು. “ಅದಕ್ಕೇ ನಿಮ್ಮನ್ನ ಕೇಳಿದ್ದು.”

ಸೋಮವಾರ ಬೆಳಿಗ್ಗೆ, ಸರದಿ ಶುರುವಾಗುವ ಮುಂಚೆ, ಅವಳು ಕ್ಯಾಮೆರಾ ಹಿಡಿದುಕೊಂಡು ಲ್ಯಾಬಿನ ಮೇಲ್ವಿಚಾರಕಿಯ ಕೋಣೆಗೆ ಹೋದಳು. ಮೇಲ್ವಿಚಾರಕಿ ಪುಟ್ಟ ಪರದೆಯಲ್ಲಿ ಮೂರು ನಿಮಿಷವನ್ನೂ ನೋಡಿ, ಕನ್ನಡಕ ತೆಗೆದು ಒರೆಸಿದರು. “ಕಂಪ್ಲೇಂಟ್ ಬಂದಿತ್ತು. ನಿಮ್ಮ ಮೇಲೆ ಅಂತ ನಂಬಲಿಲ್ಲ,” ಎಂದರು. ಅವಳು ತಾನಾಗಿಯೇ ಕೈಗವಸು ತೆಗೆದಿಟ್ಟು, ಆ ದಿನದಿಂದ ಶೀಶೆಗಳಿಗೆ ಹೆಸರು ಅಂಟಿಸುವ ಮೇಜಿಗೆ ಹೋದಳು. ಕಿಟಕಿ ಪಕ್ಕದ ಕುರ್ಚಿಯ ಬಳಿ ಇನ್ನೊಬ್ಬರು ನಿಂತರು.

ನರರೋಗದ ವೈದ್ಯರು ಕೈ ಚಾಚಿಸಿದರು, ಲೋಟದಿಂದ ಲೋಟಕ್ಕೆ ನೀರು ಸುರಿಸಿದರು, ಕಾಗದದ ಮೇಲೆ ಬಸವನಹುಳುವಿನ ಸುರುಳಿ ಬರೆಸಿದರು. ಸುಮ್ಮನಿದ್ದಾಗ ನಡುಗುವುದಿಲ್ಲ, ಕೆಲಸ ಮಾಡುವಾಗ ಮಾತ್ರ ನಡುಗುತ್ತದೆ. ಆದ್ದರಿಂದ ನೀವು ಹೆದರಿಕೊಂಡ, ಕೂತಲ್ಲೇ ಕೈ ನಡುಗಿಸುವ ಕಾಯಿಲೆ ಇದಲ್ಲ, ವಂಶದಲ್ಲಿ ಬರುವ ನಡುಕ ಇರಬಹುದು ಎಂದರು. “ಮನೇಲಿ ಇನ್ಯಾರಿಗಾದ್ರೂ ಇತ್ತಾ?”

ಅವಳ ಅಮ್ಮ ಕೊನೆಯ ವರ್ಷಗಳಲ್ಲಿ ಪತ್ರ ಬರೆಯುವುದನ್ನು ನಿಲ್ಲಿಸಿದ್ದಳು. ಸೋಮಾರಿತನ ಎಂದು ಮಕ್ಕಳೆಲ್ಲ ರೇಗಿಸುತ್ತಿದ್ದರು. ಅದನ್ನು ಹೇಳುವಾಗ ಮಾತ್ರ ಅವಳ ದನಿ ಒಡೆಯಿತು.

ಮಾತ್ರೆ ಶುರುವಾಯಿತು. ಗಂಡನೊಂದಿಗೆ ಅವಳು ಎಂಟು ದಿನ ಬೇಕಾದಷ್ಟೇ ಮಾತಾಡಿದಳು. ಗ್ಯಾಸ್ ಮುಗಿದಿದೆ, ಬಾಗಿಲು ಹಾಕಿ, ಮಗಳನ್ನು ಕರೆದುಕೊಂಡು ಬನ್ನಿ. ಅವನು ಆ ಎಂಟು ದಿನದಲ್ಲಿ ತನ್ನದೇ ರೀತಿಯಲ್ಲಿ ಪ್ರಾಯಶ್ಚಿತ್ತ ಹುಡುಕಿಕೊಂಡ. ಉಪ್ಪು ಜಾಸ್ತಿಯಾಗಿದೆ ಎಂದ. ಕಿಟಕಿಯ ಹೊಸ ಪರದೆಯ ಬಣ್ಣ ಚೆನ್ನಾಗಿಲ್ಲ ಎಂದ. ನೀನು ನಿನ್ನ ತಂಗಿಯ ಹತ್ತಿರ ಫೋನಲ್ಲಿ ಮಾತಾಡುವಾಗ ಬಹಳ ಜೋರಾಗಿ ಕೂಗುತ್ತೀಯ ಎಂದ. ಒಂಬತ್ತನೇ ದಿನ ಅವಳು, “ಸಾಕು ಮಾಡ್ರೀ, ಎಲ್ಲ ಒಂದೇ ವಾರದಲ್ಲಿ ಹೇಳಿ ಮುಗಿಸಬೇಡಿ” ಎಂದಳು. ಅವಳ ಬಾಯಲ್ಲಿ ನಗು ಬಂದದ್ದನ್ನು ತಡೆಯಲು ಆಗಲಿಲ್ಲ.

ಮೇಷ್ಟ್ರು ಅವಳಿಗೆ ಹೊರಗಿನ ಬೆಂಚಿನ ಮೇಲೆ ಸಿಕ್ಕರು. “ಅವತ್ತು ತಪ್ಪು ನಿಮ್ಮ ನರದ್ದಲ್ಲ, ನನ್ನದು,” ಎಂದಳು.

“ಗೊತ್ತಿತ್ತಮ್ಮ,” ಎಂದರು ಅವರು. “ನಲವತ್ತು ವರ್ಷ ಕಪ್ಪುಹಲಗೆ ಮುಂದೆ ನಿಂತವನು. ಉತ್ತರ ತಪ್ಪಾದವರು ಯಾವಾಗಲೂ ಪುಸ್ತಕದ ಮೇಲೇ ತಪ್ಪು ಹಾಕೋದು.” ಸ್ವಲ್ಪ ಸರಿದು, ಕೂರಲು ಜಾಗ ಮಾಡಿದರು.

ಮೂರು ತಿಂಗಳಿಗೆ ನಡುಕ ಅರ್ಧಕ್ಕೆ ಇಳಿಯಿತು. ಮೇಲ್ವಿಚಾರಕಿ, ಒಮ್ಮೆ ಪರೀಕ್ಷೆ ಮಾಡಿ ನೋಡೋಣ, ಸರಿಹೋದರೆ ಮತ್ತೆ ಕುರ್ಚಿಗೆ ಬನ್ನಿ ಎಂದರು. ಚುಚ್ಚಿಸಿಕೊಳ್ಳಲು ಗಂಡನೇ ಅಂಗಿಯ ತೋಳು ಮಡಚಿಕೊಂಡು ಬಂದು ಕೂತ. ಅವಳು ರಕ್ತನಾಳ ತಡವಿದಳು, ಸೂಜಿ ಹಿಡಿದಳು. ಒಂದೇ ಸಲಕ್ಕೆ ಶೀಶೆಯಲ್ಲಿ ರಕ್ತ ಏರಿತು. ಮೇಲ್ವಿಚಾರಕಿ ಚಪ್ಪಾಳೆ ತಟ್ಟುವುದೊಂದು ಬಾಕಿ.

“ನಿಜ ಹೇಳಿ,” ಎಂದಳು ಅವಳು ಗಂಡನಿಗೆ.

“ಒಳಗೆ ಹೋದ ಮೇಲೆ ತುದಿ ಸ್ವಲ್ಪ ಅಲುಗಿತು,” ಎಂದ ಅವನು. “ನೋವಾಯ್ತು. ತಡಕೊಳ್ಳೋ ಅಷ್ಟೇ.”

“ಗಟ್ಟಿ ನರದವರಿಗೇ ಇಷ್ಟು,” ಎಂದಳು ಅವಳು ಮೇಲ್ವಿಚಾರಕಿಗೆ. “ಮಕ್ಕಳಿಗೆ ಬೇಡ ಮೇಡಂ. ಮೇಷ್ಟ್ರಂಥವರಿಗಂತೂ ಬೇಡ.”

ಅವಳನ್ನು ಹೊಸಬರಿಗೆ ಕಲಿಸುವ ಕೆಲಸಕ್ಕೆ ಹಾಕಿದರು. ಮೊದಲ ತಂಡದಲ್ಲಿ ನಾಲ್ಕು ಜನ. ಅವರಲ್ಲೊಬ್ಬ ಬಾಗಿಲು ತುಂಬುವಷ್ಟು ದಪ್ಪ ಆಳು, ಹಿಂದೆ ಲಾರಿ ಓಡಿಸುತ್ತಿದ್ದವನು. ಮೊದಲ ದಿನ ಸೂಜಿ ಹಿಡಿದು ರೋಗಿಯ ಮುಂದೆ ನಿಂತಾಗ ಅವನ ಹಣೆಯಿಂದ ಬೆವರು ಇಳಿಯತೊಡಗಿತು. ಅವಳು ಅವನ ಭುಜದ ಹಿಂದೆ, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು.

“ಉಸಿರು ಬಿಡಿ,” ಎಂದಳು.

ಕುರ್ಚಿಯಲ್ಲಿದ್ದ ರೋಗಿ ಉಸಿರು ಬಿಟ್ಟ.

“ನೀವಲ್ಲ ಸ್ವಾಮಿ,” ಎಂದಳು ಅವಳು. “ಇವರು.”