ಕ್ರೇನ್ ಚಾಲಕನ ಎಡಗಿವಿ

ಸೋಪು ತನ್ನಿ ಎಂದರೆ ಗಂಡ ಸೊಪ್ಪು ತಂದ. ಅದೂ ಎರಡು ಕಟ್ಟು.

"ರೀ, ನಾನು ಹೇಳಿದ್ದೇನು, ನೀವು ತಂದಿದ್ದೇನು?" ಎಂದು ಹೆಂಡತಿ ಕೇಳಿದಳು. ಅವನು ಟಿವಿಯ ಸದ್ದು ಇನ್ನಷ್ಟು ಏರಿಸಿ ಕೂತ. ಪಕ್ಕದ ಮನೆಯವರು ಗೋಡೆ ತಟ್ಟಿದರು. ಅದೂ ಅವನಿಗೆ ಗೊತ್ತಾಗಲಿಲ್ಲ.

ಅವನು ಬಂದರಿನಲ್ಲಿ ಕ್ರೇನ್ ಚಾಲಕ. ಕೆಲವು ದಿನಗಳ ಹಿಂದೆ ಉಗ್ರರು ಸರಕಿನ ಲಾರಿಯೊಂದರಲ್ಲಿ ಬಾಂಬ್ ಇಟ್ಟು, ಹಡಗಿಗೆ ಸರಕು ತುಂಬುವ ಧಕ್ಕೆಯ ಮೇಲೇ ಸಿಡಿಸಿದ್ದರು. ಜೊತೆಗಾರರಲ್ಲಿ ಇಬ್ಬರು ಸತ್ತರು. ಹಲವರು ಇನ್ನೂ ಆಸ್ಪತ್ರೆಯಲ್ಲಿದ್ದರು. ಇವನು ಮಾತ್ರ ಮೈಮೇಲೆ ಒಂದು ಗೀರೂ ಇಲ್ಲದೆ, ತಲೆತುಂಬ ಧೂಳು ಮೆತ್ತಿಕೊಂಡು ನಡೆದೇ ಮನೆಗೆ ಬಂದಿದ್ದ. "ತಲೆಗೆ ಬಂದದ್ದು ತಲಪಾಗಿಗೆ ಹೋಯ್ತು" ಎಂದು ತಾಯಿ ಮಗನ ಬೆನ್ನು ಸವರಿ ಅತ್ತಿದ್ದರು. ಹೆಂಡತಿಗೂ ಹೋದ ಜೀವ ಬಂದಂತಾಗಿತ್ತು.

ಆಮೇಲೆ ಶುರುವಾಯಿತು ಈ ಮೌನ. ಕರೆದರೆ ತಿರುಗುವುದಿಲ್ಲ. ಕೇಳಿದ್ದೊಂದು, ಹೇಳುವುದೊಂದು. ಅಲ್ಲಿ ಕಂಡದ್ದು ಮನಸ್ಸಿನಿಂದ ಮಾಸಿಲ್ಲ, ಪಾಪ ಎಂದು ಅವಳು ಮೊದಮೊದಲು ಸುಮ್ಮನಿದ್ದಳು. ಬರಬರುತ್ತಾ ತನ್ನ ಮೇಲೇ ಮುನಿಸಿರಬೇಕು ಅನ್ನಿಸಿತು.

ಒಂದು ಬೆಳಿಗ್ಗೆ ಇಬ್ಬರೂ ಮಾರುಕಟ್ಟೆಯ ಬೀದಿಯಲ್ಲಿ ಹೋಗುತ್ತಿದ್ದರು. ಎಡಗಡೆಯ ಗೋದಾಮಿನಿಂದ ಲಾರಿಯೊಂದು ಹಾರನ್ ಹೊಡೆಯುತ್ತಾ ಹಿಂದಕ್ಕೆ ಬಂತು. ಉಳಿದವರೆಲ್ಲ ಸರಿದರು. ಅವನು ನಡೆಯುತ್ತಲೇ ಇದ್ದ. ಅವಳು ಚೀಲ ಬಿಸಾಡಿ ಅವನ ಅಂಗಿ ಹಿಡಿದು ಎಳೆದಳು. ಲಾರಿ ಅವನ ಮೊಣಕೈ ಸವರಿಕೊಂಡು ಹೋಯಿತು.

ಅವನ ಮುಖ ಬಿಳಿಚಿಕೊಂಡಿತ್ತು. ಇದು ಮುನಿಸಲ್ಲ ಎಂದು ಆಗ ಅವಳಿಗೆ ಹೊಳೆಯಿತು.

"ನಿಮಗೆ ಕಿವಿ ಕೇಳಿಸ್ತಿಲ್ಲ, ಅಲ್ವಾ?"

"ಎಡಗಿವಿ," ಎಂದ ಅವನು ನೆಲ ನೋಡುತ್ತಾ. "ಅವತ್ತಿಂದ. ಒಳಗೆ ಗುಂಯ್ ಅಂತಾನೇ ಇದೆ."

ಮನೆಗೆ ಬಂದು ವಿಷಯ ಹೇಳಿದ್ದೇ ತಡ, ಅತ್ತೆ ಎಣ್ಣೆ ಬಿಸಿಗಿಟ್ಟರು. "ನಾಲ್ಕು ತೊಟ್ಟು ಬಿಟ್ರೆ ಎಲ್ಲ ಸರಿಹೋಗುತ್ತೆ."

"ಒಂಚೂರು ತಡೀರಿ ಅತ್ತೆ" ಎಂದು ಸೊಸೆ ಪಕ್ಕದ ಮನೆಗೆ ಓಡಿದಳು. ಅಲ್ಲಿದ್ದವರು ಆರೋಗ್ಯ ಕೇಂದ್ರದ ನರ್ಸ್. ಬೀದಿಗೆಲ್ಲ ನರ್ಸಕ್ಕ.

ನರ್ಸಕ್ಕ ಬಂದವರೇ ಒಲೆ ಆರಿಸಿದರು. "ಎಣ್ಣೆ ಬೇಡಮ್ಮ. ಬಾಂಬ್ ಸಿಡಿದಾಗ ಗಾಳಿಯೇ ಏಟು ಹೊಡೆಯುತ್ತೆ. ಕಿವಿಯೊಳಗಿನ ತೆಳು ಪರದೆ ಹರಿದಿರಬಹುದು. ಅದರ ಮೇಲೆ ಎಣ್ಣೆ ಬಿಟ್ರೆ ಒಳಗಿಳಿದು ಕೀವಾದೀತು."

"ರಕ್ತ ಬಂದಿಲ್ಲ ಅಕ್ಕ. ತಾನೇ ಸರಿಹೋಗುತ್ತೆ ಬಿಡಿ" ಎಂದ ಅವನು.

ನರ್ಸಕ್ಕ ಅವನ ಬಲಗಡೆಗೆ ಬಂದು ಕೂತರು. "ಸರಿಹೋಗಬಹುದಪ್ಪ. ಹೋಗದೇನೂ ಇರಬಹುದು. ಒಳಗೇನಾಗಿದೆ ಅಂತ ನೀನೂ ನೋಡಿಲ್ಲ, ನಾನೂ ನೋಡಿಲ್ಲ. ಡಾಕ್ಟರು ನೋಡಲಿ."

ಅವನು ಎಡಗಿವಿ ಮುಟ್ಟಿಕೊಂಡ. "ಆಸ್ಪತ್ರೇಲಿ ಕೈಕಾಲು ಕಳ್ಕೊಂಡವರು ಮಲಗಿದಾರೆ. ಅವರ ಎದುರಿಗೆ ನನ್ನ ಕಿವಿ ನೋಡಿ ಅಂತ ಯಾವ ಮುಖ ಇಟ್ಕೊಂಡು ಕೇಳಲಿ? ಆಮೇಲೆ, ಕಿವುಡ ಅಂತ ಗೊತ್ತಾದ್ರೆ ಕ್ರೇನ್ ಹತ್ತೋಕೆ ಬಿಡ್ತಾರಾ?"

ಹೆಂಡತಿ ಅವನಿಗೆ ಕೇಳಿಸುವ ಹಾಗೆ ಹೇಳಿದಳು: "ಕೆಳಗೆ ನಿಂತವನು ನಿಲ್ಲಿಸು ಅಂತ ಕೂಗಿದ್ದು ನಿಮಗೆ ಕೇಳಿಸದೇ ಹೋದ್ರೆ? ಅವನ ಮನೇಲೂ ನನ್ನ ಥರ ಒಬ್ಬಳು ಕಾಯ್ತಿರ್ತಾಳೆ."

ಅವನು ಎದ್ದು ಚಪ್ಪಲಿ ಮೆಟ್ಟಿದ.

ಆಸ್ಪತ್ರೆಯಲ್ಲಿ ಕಿವಿಯ ಡಾಕ್ಟರು ಪುಟ್ಟ ದೀಪ ಹಿಡಿದು ಇಣುಕಿದರು. ಮುಚ್ಚಿದ ಕೋಣೆಯಲ್ಲಿ ಕೂರಿಸಿ ಸಣ್ಣಸಣ್ಣ ಸದ್ದು ಕೇಳಿಸಿದರು.

"ಪರದೆಯಲ್ಲಿ ತೂತಾಗಿದೆ. ಚಿಕ್ಕದು, ಸೋಂಕೂ ಇಲ್ಲ. ಇಂಥದ್ದು ಬಹಳ ಜನಕ್ಕೆ ತಾನಾಗೇ ಕೂಡಿಕೊಳ್ಳುತ್ತೆ. ಕೂಡದಿದ್ರೆ ಅದಕ್ಕೂ ಚಿಕಿತ್ಸೆ ಇದೆ. ಕಿವಿಗೆ ನೀರು ಹೋಗಬಾರದು, ಕಡ್ಡಿ ಹಾಕಬಾರದು, ಕರೆದಾಗ ಬಂದು ತೋರಿಸಬೇಕು."

"ಮತ್ತೆ ಕ್ರೇನು?"

"ವಾಸಿಯಾಗೋವರೆಗೆ ಸದ್ದಿಲ್ಲದ ಕಡೆ ಬೇರೆ ಕೆಲಸ. ನಾನೇ ಬರೆದು ಕೊಡ್ತೀನಿ."

ಹೆಂಡತಿ ಆ ಚೀಟಿಯನ್ನು ಮಡಿಚಿ ಚೀಲದಲ್ಲಿಟ್ಟಳು.

ಅಲ್ಲೇ ವಾರ್ಡಿನಲ್ಲಿ ಅವನ ಜೊತೆಗಾರನೊಬ್ಬ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದ. ಕಿವಿಯ ವಿಷಯ ಕೇಳಿ ಅವನು ಬೆರಗಾದ. "ನಿನಗೂನಾ? ನನಗೆ ಬಲಗಿವಿ ಕಣೋ. ಕಾಲಿನ ಗಲಾಟೇಲಿ ಯಾರಿಗೂ ಹೇಳಲೇ ಇಲ್ಲ. ಬಾ, ನನ್ನ ಎಡಕ್ಕೆ ಕೂತ್ಕೊ."

"ನಾನೂ ಅಲ್ಲೇ ಕೂರಬೇಕು ಮಾರಾಯ" ಎಂದು ಇವನು ಪಕ್ಕಕ್ಕೆ ಕೂತ. ಇಬ್ಬರ ಒಳ್ಳೆಯ ಕಿವಿಗಳೂ ಅಕ್ಕಪಕ್ಕ ಬಂದವು. ಬಾಂಬ್ ಸಿಡಿದ ಮೇಲೆ ಇವನು ನಕ್ಕದ್ದು ಅದೇ ಮೊದಲು. ಜೊತೆಗಾರನ ಕಿವಿಯನ್ನೂ ತೋರಿಸಲೆಂದು ಹೆಂಡತಿ ಆಗಲೇ ವಾರ್ಡಿನ ನರ್ಸನ್ನು ಕರೆತರಲು ಹೊರಟಿದ್ದಳು.

ಧಕ್ಕೆಯ ದುರಸ್ತಿ ಮುಗಿಯುವಷ್ಟರಲ್ಲಿ ಪರದೆ ಕೂಡಿಕೊಂಡಿತ್ತು. ಮತ್ತೆ ಪರೀಕ್ಷೆ ಮಾಡಿದ ಡಾಕ್ಟರು ಸರಿ ಎಂದ ಮೇಲೆಯೇ ಅವನು ಕ್ರೇನ್ ಹತ್ತಿದ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಬಾಂಬೇ ಆಗಬೇಕಿಲ್ಲ, ಸಿಲಿಂಡರ್ ಸಿಡಿದರೂ ಇದೇ ಮಾತು. ಹತ್ತಿರವಿದ್ದವರಿಗೆ ಕಿವಿ ಮಂದವಾದರೆ, ಗುಂಯ್‌ಗುಟ್ಟಿದರೆ, ಎಣ್ಣೆ ಬಿಡಬೇಡಿ, ನಾಳೆ ಎನ್ನಬೇಡಿ. ನಿಮ್ಮದು ಸಣ್ಣ ನೋವೆಂದು ನಾಚಬೇಡಿ. ಡಾಕ್ಟರ ಬಳಿ ಎಲ್ಲ ಗಾಯಕ್ಕೂ ಜಾಗವಿದೆ. ಇವತ್ತೇ ಹೋಗಿ ತೋರಿಸಿ.