ಕಪ್ಪಗೆ ಕಾಣಬೇಕಾದ ಶೀಟು

ಬೆಳಿಗ್ಗೆ ಎಂಟೂವರೆಗೆ ಪಾಲಿಶ್ ವಿಭಾಗದ ಹಿರಿಯ ಕೆಲಸಗಾರ್ತಿಯನ್ನು ಉಜ್ಜುವ ಚಕ್ರದ ಮುಂದಿನಿಂದ ಎಬ್ಬಿಸಿ ಪ್ಯಾಕಿಂಗ್ ಕೋಣೆಗೆ ಕಳುಹಿಸಲಾಯಿತು. ಅವಳು ಉಜ್ಜಿದ ಸ್ಟೀಲ್ ಶೀಟುಗಳನ್ನು ತಪಾಸಣೆಯ ಕ್ಯಾಮೆರಾ ಒಂದರ ಹಿಂದೊಂದು ತಿರಸ್ಕರಿಸುತ್ತಿತ್ತು ಎಂಬುದು ಕೊಟ್ಟ ಕಾರಣ.

ಸುದ್ದಿ ಕಿವಿಗೆ ಬಿದ್ದಾಗ ಪುಟ್ಟಿ ಗೇಟಿನ ಬಳಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದಳು. ಮೂವತ್ತು ದಾಟಿದವಳನ್ನು ಪುಟ್ಟಿ ಎನ್ನುವವರು ಮನೆಯವರು ಮಾತ್ರ. ಕಾರ್ಖಾನೆಯಲ್ಲಿ ಅವಳು ಕ್ಯಾಮೆರಾ ಮೇಡಂ. ಆ ಕ್ಯಾಮೆರಾವನ್ನು ಕೂರಿಸಿ ಹೊಂದಿಸಿದವಳು ಅವಳೇ. ಚಕ್ರ ಬಿಟ್ಟು ಎದ್ದು ಹೋಗಬೇಕಾಗಿ ಬಂದವಳು ಅವಳ ಅಣ್ಣನ ಹೆಂಡತಿ. ಮಗ ಬಿದ್ದು ಕೈ ಮುರಿದುಕೊಂಡದ್ದರಿಂದ ಎರಡು ವಾರ ರಜೆಯಲ್ಲಿದ್ದ ಪುಟ್ಟಿ ಅಂದೇ ಕೆಲಸಕ್ಕೆ ಮರಳಿದ್ದಳು. ಲೇಸು ಅರ್ಧಂಬರ್ಧ ಕಟ್ಟಿಕೊಂಡೇ ಒಳಗೆ ನಡೆದಳು.

ಪ್ಯಾಕಿಂಗ್ ಕೋಣೆಯಲ್ಲಿ ಅತ್ತಿಗೆ ಸ್ಟೂಲಿನ ಮೇಲೆ ಕುಳಿತು, ಶೀಟಿನ ಮೂಲೆಗೆ ಕೂರಿಸುವ ರಟ್ಟನ್ನು ಮಡಿಸುತ್ತಿದ್ದಳು. ಇಪ್ಪತ್ತು ವರ್ಷ ಲಿಫ್ಟಿನ ಬಾಗಿಲುಗಳಿಗೆ ಕನ್ನಡಿಯ ಹೊಳಪು ಕೊಟ್ಟ ಕೈಗೆ ರಟ್ಟು ಜಪ್ಪಯ್ಯ ಎಂದರೂ ಬಗ್ಗುತ್ತಿರಲಿಲ್ಲ.

"ಬಾಮ್ಮ. ನಿನ್ನ ಕ್ಯಾಮೆರಾಗೆ ನನ್ನ ಮುಖ ಹಿಡಿಸ್ಲಿಲ್ಲ" ಎಂದಳು.

"ಎಷ್ಟು ದಿನದಿಂದ ನಡೀತಿದೆ ಇದು? ನಂಗ್ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ಮಗನ್ನ ಕಟ್ಕೊಂಡು ಆಸ್ಪತ್ರೆ ಸುತ್ತೋಳಿಗೆ ಇದನ್ನ ಬೇರೆ ಹೇಳ್ಲಾ? ವಯಸ್ಸಾಯ್ತೇನೋ ಅಂದ್ಕೊಂಡೆ. ಇನ್ನೂ ಒಂದು ಸುತ್ತು ಜಾಸ್ತಿ ಉಜ್ಜಿದೆ. ಉಜ್ಜಿದಷ್ಟೂ ಜಾಸ್ತಿ ವಾಪಸ್ ಬಂತು ಕಣೇ."

"ಸಾರ್ ಏನಂದ್ರು?"

"ಎಲ್ಲರ ಮುಂದೆ ನಿಲ್ಲಿಸಿ, ಅಮ್ಮಾ, ನಿಮ್ಮ ಕಣ್ಣು ಮಂಜಾಗಿದೆ, ಮಿಷನ್ ಕಣ್ಣು ಮಂಜಾಗಲ್ಲ ಅಂದ್ರು. ಪಕ್ಕದ ಚಕ್ರದ ಮೀಸೆ ಕಿಸಕ್ಕಂತ ನಕ್ಕ. ಅವನ ಶೀಟೆಲ್ಲ ಪಾಸು."

ಮೀಸೆ ಎಂದೇ ಹೆಸರಾದ ಅವನ ಕೆಲಸ ಎಂಥದೆಂದು ಇಡೀ ಕಾರ್ಖಾನೆಗೆ ಗೊತ್ತಿತ್ತು. ಊಟದ ಗಂಟೆ ಹತ್ತಿರವಾದಷ್ಟೂ ಅವನ ಶೀಟಿನಲ್ಲಿ ಗೀರು ಹೆಚ್ಚುತ್ತಿದ್ದವು. ಅವನದು ಪಾಸಾಗಿ ಅತ್ತಿಗೆಯದು ಫೇಲಾಗುವುದೆಂದರೇನು? ಪುಟ್ಟಿ ನೆಟ್ಟಗೆ ಸಾಲಿನ ಕೊನೆಯಲ್ಲಿದ್ದ ಕ್ಯಾಮೆರಾ ಗೂಡಿಗೆ ಹೋದಳು.

ಸುತ್ತಲೂ ಕಪ್ಪು ಬಟ್ಟೆ ಇಳಿಬಿಟ್ಟ ಆ ಗೂಡಿನಲ್ಲಿ ದೀಪದ ಬೆಳಕು ಶೀಟಿನ ಮೇಲೆ ಮಗ್ಗುಲಿನಿಂದ, ತೀರಾ ಓರೆಯಾಗಿ ಬೀಳುತ್ತದೆ. ನುಣುಪಾದ ಶೀಟು ಆ ಬೆಳಕನ್ನು ಆಚೆ ಬದಿಗೆ ದಾಟಿಸಿಬಿಡುವುದರಿಂದ ಮೇಲಿರುವ ಕ್ಯಾಮೆರಾಗೆ ಅದು ಕಪ್ಪಗೆ ಕಾಣುತ್ತದೆ. ಗೀರಿದ್ದರೆ ಬೆಳಕು ಅದಕ್ಕೆ ತಾಗಿ ಮೇಲಕ್ಕೆ ಚಿಮ್ಮಿ, ಬಿಳಿ ದಾರ ಬಿದ್ದಂತೆ ಕಾಣುತ್ತದೆ. ಹೊಳಪು ಹೆಚ್ಚಿದಷ್ಟೂ ಚಿತ್ರ ಕಪ್ಪು. ಈ ಲೆಕ್ಕ ಸರಿಹೋಗಬೇಕಾದರೆ ಕ್ಯಾಮೆರಾ ಪ್ರತಿ ಶೀಟಿಗೂ ಸಮನಾದ ಹೊತ್ತು ಕಣ್ಣು ತೆರೆಯಬೇಕು. ಆ ಹೊತ್ತನ್ನು ಗೊತ್ತುಮಾಡಲು ಪುಟ್ಟಿ ಒಂದು ವಾರ ಆ ಗೂಡಿನಲ್ಲಿ ಬೆನ್ನು ಬಗ್ಗಿಸಿದ್ದಳು.

ಈಗ ಕಂಪ್ಯೂಟರ್ ಪರದೆಯ ಮೇಲೆ ಶೀಟು ತಿಳಿ ಬೂದು ಬಣ್ಣದಲ್ಲಿ ಚೆಂದವಾಗಿ ಕಾಣುತ್ತಿತ್ತು. ನೋಡಿದ ಕೂಡಲೇ ಅವಳ ಮೈ ಉರಿಯಿತು. ಸೆಟ್ಟಿಂಗ್ ತೆರೆದು ನೋಡಿದಳು. ಅವಳು ಇಟ್ಟಿದ್ದ ಅಳತೆ ಇರಲಿಲ್ಲ. ಬೆಳಕನ್ನು ಆಟೋಗೆ ಬಿಡಲಾಗಿತ್ತು.

ಆಟೋ ಎಂದರೆ ಕ್ಯಾಮೆರಾ ಎಲ್ಲ ಚಿತ್ರಗಳನ್ನೂ ಒಂದೇ ಹದದ ಬೂದು ಮಾಡಲು ಹೊರಡುತ್ತದೆ. ಕಪ್ಪು ಶೀಟು ಬಂದರೆ ಕತ್ತಲಾಯಿತೆಂದು ಹೆಚ್ಚು ಹೊತ್ತು ಕಣ್ಣು ತೆರೆದು, ಇದ್ದೂ ಇಲ್ಲದಂತಿರುವ ಧೂಳನ್ನೂ ಒರೆಸಿದ ಬಟ್ಟೆಯ ಎಳೆಯನ್ನೂ ಗೀರಿನಂತೆ ಎದ್ದು ಕಾಣಿಸುತ್ತದೆ. ಒರಟು ಶೀಟು ಬಂದರೆ ಕಣ್ಣು ಕುಕ್ಕಿತೆಂದು ಬೇಗ ಮುಚ್ಚಿಕೊಂಡು ನಿಜವಾದ ಗೀರನ್ನೂ ನುಂಗಿಹಾಕುತ್ತದೆ. ಮೈಮುರಿದು ಉಜ್ಜಿದವಳಿಗೆ ಶಿಕ್ಷೆ, ಕಾಟಾಚಾರಕ್ಕೆ ಉಜ್ಜಿದವನಿಗೆ ಶಭಾಷ್.

ವಿಭಾಗದ ಮುಖ್ಯಸ್ಥರಿಗೆ ಕೆಲಸಗಾರರು ಇಟ್ಟ ಹೆಸರು ಇಸ್ತ್ರಿ ಸಾರ್. ಸಂಜೆಯಾದರೂ ಅವರ ಅಂಗಿಯ ಮಡಿಕೆ ಮುರಿಯುತ್ತಿರಲಿಲ್ಲ. ಪುಟ್ಟಿ ನೇರ ಅವರ ಬಳಿಗೆ ಹೋದಳು.

"ಆಟೋ ಹಾಕಿದ್ದು ಯಾರು ಸಾರ್?"

"ನಾನೇ ಹಾಕ್ಸಿದ್ದು. ಗಿರಾಕಿಗಳು ನೋಡೋಕೆ ಬಂದಿದ್ರು. ಪರದೆ ಮೇಲೆ ನೋಡಿದ್ರೆ ಇದ್ದಿಲ ಮೂಟೆ ಥರ ಕಪ್ಪು. ಇಷ್ಟು ದೊಡ್ಡ ಕ್ಯಾಮೆರಾ ಇಟ್ಟು ಏನೂ ಕಾಣಲ್ಲ ಅಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ಈಗ ನೋಡಿ, ಎಷ್ಟು ಕ್ಲಿಯರ್ ಆಗಿದೆ."

"ಇದು ಫೋಟೋ ಸ್ಟುಡಿಯೋ ಅಲ್ಲ ಸಾರ್. ಆ ಬೂದು ಬಣ್ಣದಿಂದಾನೇ ಒಳ್ಳೆ ಶೀಟು ಫೇಲಾಗ್ತಿರೋದು."

"ನಿಮ್ಮ ಅತ್ತಿಗೆ ಶೀಟು ಫೇಲಾಗ್ತಿದೆ ಅನ್ನಿ ಮೇಡಂ. ಮನೆ ವಿಷಯ ಮನೇಲಿರ್ಲಿ."

ಪುಟ್ಟಿಗೆ ಕೆನ್ನೆಗೆ ಹೊಡೆದಂತಾಯಿತು. ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದು, "ನನ್ನ ಮಾತು ನಂಬಬೇಡಿ. ಬಂದು ನೋಡಿ" ಎಂದಳು. ಸಾಲು ನಿಲ್ಲಿಸಲಾಗದು, ಊಟದ ಹೊತ್ತಿಗೆ ಬರುತ್ತೇನೆ ಎಂದರು ಅವರು. ಅಲ್ಲಿಯವರೆಗೂ ಕ್ಯಾಮೆರಾ ಅದೇ ಆಟೋದಲ್ಲಿ ಓಡಿತು. ಮೀಸೆಯ ಶೀಟುಗಳು ಒಂದೊಂದಾಗಿ ಪಾಸಾಗುವುದನ್ನು ಪುಟ್ಟಿ ನಿಂತು ನೋಡಬೇಕಾಯಿತು.

ಊಟಕ್ಕೆ ಎಲ್ಲರೂ ಹೋದ ಮೇಲೆ ಇಸ್ತ್ರಿ ಸಾರ್ ಬಂದರು.

"ಶೀಟು ನೀವೇ ಆರಿಸಿ ಸಾರ್. ಆಮೇಲೆ ಅತ್ತಿಗೆ ಪರ ಅನ್ಬೇಡಿ."

ತಿರಸ್ಕರಿಸಿದ ರಾಶಿಯಿಂದ ಅತ್ತಿಗೆಯದೊಂದು, ಪಾಸಾದ ರಾಶಿಯಿಂದ ಮೀಸೆಯದೊಂದು ಅವರೇ ಎತ್ತಿಕೊಟ್ಟರು. ಆಟೋದಲ್ಲಿ ಮೊದಲನೆಯದು ಫೇಲು, ಎರಡನೆಯದು ಪಾಸು. "ಉಗುರಾಡಿಸಿ ನೋಡಿ" ಎಂದಳು ಪುಟ್ಟಿ. ಅತ್ತಿಗೆಯ ಶೀಟಿನ ಮೇಲೆ ಅವರ ಉಗುರು ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. ಮೀಸೆಯದರ ಮೇಲೆ ನಡುವೆಯೇ ತಡೆದು ನಿಂತಿತು. ಪುಟ್ಟಿ ಆಟೋ ತೆಗೆದು ಹಳೆಯ ಅಳತೆಯನ್ನು ಕೊಟ್ಟು, ಎರಡನ್ನೂ ಮತ್ತೆ ಹಾಯಿಸಿದಳು. ಮೊದಲನೆಯದು ಪರದೆಯ ಮೇಲೆ ಕಪ್ಪಗೆ ಹಾದು ಪಾಸಾಯಿತು. ಎರಡನೆಯದರಲ್ಲಿ ಉಗುರು ತಡೆದ ಜಾಗದಲ್ಲೇ ಬಿಳಿ ದಾರ ಮೂಡಿತು.

ಇಸ್ತ್ರಿ ಸಾರ್ ಕತ್ತುಪಟ್ಟಿ ಸರಿಮಾಡಿಕೊಂಡರು. "ಸರಿ, ಹೀಗೇ ಇರ್ಲಿ. ಅವರನ್ನ ನಾಳೆಯಿಂದ ಚಕ್ರಕ್ಕೆ ಬರೋಕೆ ಹೇಳಿ. ಗಲಾಟೆ ಬೇಡ."

"ಕಣ್ಣು ಮಂಜಾಗಿದೆ ಅಂದಾಗ ಗಲಾಟೆ ಬೇಡ ಅನ್ನಿಸ್ಲಿಲ್ವಾ ಸಾರ್?"

ಅವರು ಗಡಿಯಾರ ನೋಡಿಕೊಂಡು ಊಟಕ್ಕೆ ನಡೆದರು. ಪುಟ್ಟಿ ಸೆಟ್ಟಿಂಗಿಗೆ ಪಾಸ್‌ವರ್ಡ್ ಹಾಕಿದಳು.

ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡಳು. ರಟ್ಟು ಕೆಳಗಿಡಲಿಲ್ಲ.

"ಎಲ್ಲರ ಮುಂದೆ ಅಂದಿದ್ದು. ಎಲ್ಲರ ಮುಂದೇನೇ ವಾಪಸ್ ತಗೊಳ್ಲಿ. ಅಲ್ಲೀವರೆಗೂ ನಾನು ಇಲ್ಲೇ."

"ಅವರು ಹೇಳೋ ಪೈಕಿ ಅಲ್ಲ ಅತ್ತಿಗೆ."

"ನಾನೂ ಏಳೋ ಪೈಕಿ ಅಲ್ಲ. ನೋಡು, ಮಡಿಸೋದು ಕಲ್ತುಬಿಟ್ಟೆ."

ಮರುದಿನದಿಂದ ಕ್ಯಾಮೆರಾ ಮೀಸೆಯ ಶೀಟುಗಳನ್ನು ಹಿಂದಕ್ಕೆ ಕಳುಹಿಸತೊಡಗಿತು. ಅವನ ನಗು ನಿಂತಿತು. ಅತ್ತಿಗೆಯ ಚಕ್ರ ಖಾಲಿಯಾಗಿಯೇ ಇತ್ತು. ಶನಿವಾರ ಲಾರಿಯೊಂದು ಹಿಂದಿನ ಎರಡು ವಾರಗಳ ಮಾಲನ್ನು ಹೊತ್ತು ವಾಪಸ್ ಬಂತು. ಲಿಫ್ಟ್ ಕೂರಿಸುವವರು ಪ್ಲಾಸ್ಟಿಕ್ ಹೊದಿಕೆ ಸುಲಿದಾಗ ಬಾಗಿಲುಗಳ ಮೇಲೆ ಗೀರು ಕಂಡಿದ್ದವು. ಅಷ್ಟನ್ನೂ ಮತ್ತೆ ಉಜ್ಜಬೇಕಿತ್ತು, ಅದೂ ಒಂದು ವಾರದೊಳಗೆ. ಮೀಸೆಯನ್ನು ನಂಬಿ ಆಗುವ ಕೆಲಸ ಅದಲ್ಲವೆಂದು ಇಸ್ತ್ರಿ ಸಾರ್‌ಗೂ ಗೊತ್ತಿತ್ತು.

ಅವರು ಪಾಲಿಶ್ ವಿಭಾಗದವರನ್ನೆಲ್ಲ ಪ್ಯಾಕಿಂಗ್ ಕೋಣೆಗೆ ಕರೆಸಿದರು. ನೆಲ ನೋಡುತ್ತ, "ಅಮ್ಮಾ, ತಪ್ಪು ನಿಮ್ಮ ಕಣ್ಣಲ್ಲಿರ್ಲಿಲ್ಲ. ಕ್ಯಾಮೆರಾದಲ್ಲಿತ್ತು" ಎಂದರು.

"ಕ್ಯಾಮೆರಾದಲ್ಲೂ ಅಲ್ಲ ಸಾರ್" ಎಂದಳು ಬಾಗಿಲಲ್ಲಿ ನಿಂತಿದ್ದ ಪುಟ್ಟಿ.

ಇಸ್ತ್ರಿ ಸಾರ್ ನೆಲದಿಂದ ಕಣ್ಣೆತ್ತಿ ಅತ್ತಿಗೆಯನ್ನು ನೋಡಿದರು.

"ನಾನು ಹಾಕ್ಸಿದ ಆಟೋದಲ್ಲಿತ್ತು" ಎಂದರು ಇಸ್ತ್ರಿ ಸಾರ್.

ಅತ್ತಿಗೆ ಕೈಯಲ್ಲಿದ್ದ ರಟ್ಟನ್ನು ಪೂರ್ತಿ ಮಡಿಸಿಟ್ಟು, ಎದ್ದು ಏಪ್ರನ್ ಕಟ್ಟಿಕೊಂಡಳು. ವಾಪಸ್ ಬಂದ ಶೀಟುಗಳಲ್ಲಿ ಮೂರನ್ನು ಸಂಜೆಯೊಳಗೆ ಉಜ್ಜಿ ಮುಗಿಸಿದಳು. ಪರದೆಯ ಮೇಲೆ ಮೂರೂ ಕಪ್ಪಗೆ ಕಂಡವು.