ಮುಚ್ಚಳದ ಕೆಳಗಿನ ಗಂಜಿ

ಮೂರು ದೂರು ಬಂದವನು ತನ್ನ ಶೆಡ್ಡಿನ ಬೋರ್ಡು ಇಳಿಸಿ ಜಾಗ ಖಾಲಿ ಮಾಡಬೇಕು. ಜೋಸ್ ಊರಿನ ನಮ್ಮ ಮೆಕ್ಯಾನಿಕ್ಕರ ಸಂಘದಲ್ಲಿ ಈ ನಿಯಮ ಮಾಡಿದವನು ನಾನೇ, ಅಧ್ಯಕ್ಷ ದಾಮುಲಾಕ್. ಕೆಟ್ಟ ಕೆಲಸ ಕಂಡರೆ ನನಗೆ ಆಗುವುದಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ, ಇರಲಿ.

ಸೆಲ್ಚುನ್ ನನ್ನ ಶಿಷ್ಯ. ಹದಿನೆಂಟು ವರ್ಷದ ಹಿಂದೆ ಕೆಲಸ ಕಲಿಯಲು ಬಂದವನು, ಈಗ ಸ್ವಂತ ಶೆಡ್ಡು ಹಾಕಿಕೊಂಡಿದ್ದಾನೆ. ಅವನ ಮೇಲೆ ಆಗಲೇ ಎರಡು ದೂರು ಇದ್ದವು. ಎರಡೂ ಇಂಜಿನ್ನಿನ ನೀರು ಆಯಿಲಿಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಬದಲಿಸಿದ ಗಾಡಿಗಳು, ಎರಡರಲ್ಲೂ ಆಯಿಲಿಗೆ ನೀರು ಸೇರಿದೆ ಅನ್ನುವ ತಕರಾರು. ಎರಡು ಸಲವೂ ನಾನು ಆಯಿಲ್ ಮುಚ್ಚಳ ತೆಗೆದು, ಅಡಿಯ ಬಿಳಿ ನೋಡಿ, ಬಿಚ್ಚಿ ಮತ್ತೆ ಮಾಡು ಅಂದಿದ್ದೆ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಹೆರಿಗೆ ಆಸ್ಪತ್ರೆಯ ನರ್ಸ್ ಕಾನೆಂಗ್ ತನ್ನ ಹಳೆಯ ನೀಲಿ ಕಾರು ತಂದು ನನ್ನೆದುರು ನಿಲ್ಲಿಸಿದಳು. ಮೂರು ವಾರದ ಹಿಂದೆ ಕಾರು ವಿಪರೀತ ಬಿಸಿಯಾಗಿ, ಸೆಲ್ಚುನ್ ಗ್ಯಾಸ್ಕೆಟ್ ಹಾಕಿದ್ದನಂತೆ. ಈಗ ಬೆಳಿಗ್ಗೆ ಬೆಳಿಗ್ಗೆ ಬಿಳಿ ಹೊಗೆ. ಆಯಿಲ್ ಮುಚ್ಚಳ ತಿರುಗಿಸಿ ತೋರಿಸಿದಳು. ಅಡಿಯಲ್ಲಿ ಗಂಜಿಯಂತೆ ಬೆಳ್ಳಗೆ ಅಂಟಿತ್ತು, ನೀರು ಸೇರಿದ ಗುರುತು. ಸುತ್ತ ನೆರೆದ ಮೆಕ್ಯಾನಿಕ್ಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಶೆಡ್ಡಿನ ಜಾಗ ತನಗೆ ಸಿಗಬಹುದೇ ಅಂತ ಒಬ್ಬ ಮೆಲ್ಲಗೆ ವಿಚಾರಿಸಿಯೂ ಬಿಟ್ಟ. ನನ್ನ ಮನಸ್ಸಿನಲ್ಲಿ ತೀರ್ಪು ಆಗಿಹೋಗಿತ್ತು.

ಸೆಲ್ಚುನ್ ಬಂದ. ಜಗಳಕ್ಕೆ ನಿಲ್ಲಲಿಲ್ಲ. ಕೈ ಒರೆಸಿಕೊಳ್ಳುತ್ತಾ, ಗುರುವನ್ನು ಕರೆಯುವ ಹಾಗೆ ಓಗಾ ಅಂತ ಕರೆದು ಒಂದೇ ಮಾತು ಕೇಳಿದ.

“ಓಗಾ, ಈ ಸಲ ಬಿಚ್ಚೋಕೆ ಹೇಳೋ ಮುಂಚೆ ಒಂದ್ಸಲ ಸರಿಯಾಗಿ ನೋಡ್ಬಿಡಿ.”

ಗುರುವಿಗೇ ತಿರುಮಂತ್ರ ಹಾಕುತ್ತಾನಲ್ಲ ಅಂತ ಮೈ ಉರಿಯಿತು. ಆದರೂ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಅಷ್ಟು ಜನರ ಮುಂದೆ ನೋಡುವುದಿಲ್ಲ ಅನ್ನಲಾಗಲಿಲ್ಲ.

ಆಯಿಲಿನ ಅಳತೆ ಕಡ್ಡಿ ಎಳೆದೆ. ಆಯಿಲ್ ಕಂದು ಬಣ್ಣಕ್ಕಿದ್ದು, ತಿಳಿಯಾಗಿತ್ತು. ರೇಡಿಯೇಟರಿಗೆ ಎಷ್ಟು ನೀರು ಹಾಕಿದ್ದೀಯ ಅಂತ ಕಾನೆಂಗ್‌ಳನ್ನು ಕೇಳಿದರೆ, ರಿಪೇರಿಯಾದ ಮೇಲೆ ಒಂದು ಲೋಟವೂ ಹಾಕಿಲ್ಲ ಅಂದಳು. ನೋಡಿದರೆ ತುಂಬಿಯೇ ಇತ್ತು. ಇಂಜಿನ್ ಚಾಲು ಮಾಡಿಸಿದೆ, ನೀರಿನಲ್ಲಿ ಗುಳ್ಳೆ ಏಳಲಿಲ್ಲ. ಪಕ್ಕದಲ್ಲಿ ಅಲಸಂದೆ ವಡೆ ಕರಿಯುವ ತಲಾಟು ಅಜ್ಜಿಯ ಕೆಂಡದ ಮೇಲೆ ಒಂದು ಡಬ್ಬಿಯ ಮುಚ್ಚಳ ಇಟ್ಟು ಕಾಯಿಸಿದೆ. ನನ್ನ ಒಲೆ ಹಾಳು ಮಾಡ್ತೀಯ ಅಂತ ಅಜ್ಜಿ ಬೈದಳು. ಕಡ್ಡಿಯಿಂದ ಒಂದು ತೊಟ್ಟು ಆಯಿಲ್ ಬಿಟ್ಟೆ. ಸುಮ್ಮನೆ ಹೊಗೆಯಾಡಿತು. ಆ ಬಿಳಿ ಗಂಜಿಯನ್ನು ಹಾಕಿದೆ. ಒಗ್ಗರಣೆಯಂತೆ ಚಟಪಟ ಸಿಡಿಯಿತು.

ಅಂದರೆ ನೀರು ಇದ್ದದ್ದು ಮೇಲೆ, ಮುಚ್ಚಳದ ಅಡಿಯಲ್ಲಿ ಮಾತ್ರ. ಗ್ಯಾಸ್ಕೆಟ್ ಸೋರಿದ್ದರೆ ಆಯಿಲೆಲ್ಲ ಕೆಡಬೇಕಿತ್ತು, ರೇಡಿಯೇಟರ್ ಬರಿದಾಗಬೇಕಿತ್ತು, ನೀರಿನಲ್ಲಿ ಗುಳ್ಳೆ ಏಳಬೇಕಿತ್ತು. ಸೆಲ್ಚುನ್ ಕೆಲಸ ಗಟ್ಟಿಯಾಗಿತ್ತು. ಹಾಗಾದರೆ ಈ ತೇವ ಎಲ್ಲಿಯದು?

ಇಂಜಿನ್ ಆರಿಸಿ, ತಣಿದ ಮೇಲೆ ಮತ್ತೆ ಚಾಲು ಮಾಡಿಸಿ, ಅದರಿಂದ ರೇಡಿಯೇಟರಿಗೆ ಹೋಗುವ ಮೇಲಿನ ಪೈಪಿನ ಮೇಲೆ ಕೈಯಿಟ್ಟೆ. ಸರಿಯಾದ ಗಾಡಿಯಲ್ಲಿ ಅದು ಸ್ವಲ್ಪ ಹೊತ್ತು ತಣ್ಣಗಿದ್ದು, ಆಮೇಲೆ ಒಮ್ಮೆಲೇ ಸುಡಬೇಕು. ಇಲ್ಲಿ ಮೊದಲ ನಿಮಿಷದಿಂದಲೇ ನೀರು ಓಡುತ್ತಿತ್ತು. ಇಪ್ಪತ್ತು ನಿಮಿಷ ಕಾದರೂ ಪೈಪು ಉಗುರು ಬೆಚ್ಚಗೇ ಇತ್ತು.

“ಥರ್ಮೋಸ್ಟಾಟ್ ಎಲ್ಲೋ?” ಅಂದೆ.

“ಕಿತ್ತೆಸೆದೆ.”

“ಯಾರು ಹೇಳಿದ್ರು ನಿಂಗೆ?”

ಸೆಲ್ಚುನ್ ನೆಲ ನೋಡಿದ. “ನೀವೇ ಅಲ್ವಾ ಓಗಾ. ಬಿಸಿಯಾಗೋ ಗಾಡಿ ಬಂದ್ರೆ ಮೊದ್ಲು ಅದನ್ನ ಎಸಿ, ನಮ್ಮ ದೇಶಕ್ಕೆ ಅದು ಬೇಕಾಗಿಲ್ಲ ಅಂತ ಹೇಳ್ಕೊಟ್ರಿ.”

ಹೇಳಿಕೊಟ್ಟಿದ್ದೆ. ಇಂಜಿನ್ ಕಾಯುವ ತನಕ ನೀರನ್ನು ತಡೆದು ಹಿಡಿಯುವ ಪುಟ್ಟ ಬಾಗಿಲು ಅದು. ನಾನು ಕೆಲಸ ಕಲಿತದ್ದು ಮೈದುಗುರಿಯಲ್ಲಿ. ಅಲ್ಲಿನ ಬಿಸಿಲಿಗೆ ಎಲ್ಲರೂ ಅದನ್ನು ಕಿತ್ತೆಸೆಯುತ್ತಿದ್ದರು. ಅಲ್ಲಿಂದ ಈ ಬೆಟ್ಟದೂರಿಗೆ ಬಂದು ಮೂವತ್ತು ವರ್ಷವಾಯಿತು. ಆಗಸ್ಟಿನಲ್ಲಿ ಸ್ವೆಟರ್ ಇಲ್ಲದೆ ಮನೆ ಬಿಡದ ನಾನು, ಇಂಜಿನ್ನಿಗೂ ಚಳಿಯಾಗುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಕಾನೆಂಗ್ ಮನೆಯಿಂದ ಆಸ್ಪತ್ರೆಗೆ ಒಂದೂವರೆ ಕಿಲೋಮೀಟರ್. ಇಂಜಿನ್ ಕಾಯುವುದರೊಳಗೆ ಆಸ್ಪತ್ರೆ ಬರುತ್ತದೆ. ಒಳಗಿನ ಹಬೆ ಹೊರಗೆ ಹೋಗದೆ ಮುಚ್ಚಳದ ಅಡಿಯಲ್ಲೇ ಕೂತು ಗಂಜಿಯಾಗುತ್ತದೆ, ಬೆಳಗಿನ ಬಿಳಿ ಹೊಗೆಯೂ ಚಳಿಯ ಹಬೆಯೇ.

ಆಗ ಹಿಂದಿನ ಎರಡು ಗಾಡಿಗಳು ನೆನಪಾದವು. ಕೇಳಲು ಹೆದರಿಕೆಯಾಯಿತು. ಕೇಳಿದೆ.

“ಅವೆರಡನ್ನ ಬಿಚ್ಚಿದಾಗ ಗ್ಯಾಸ್ಕೆಟ್ ಹೇಗಿತ್ತೋ?”

“ಹಾಕಿದ ಹಾಗೇ ಇತ್ತು.”

“ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು?”

“ನೀವು ತೀರ್ಪು ಕೊಟ್ಟಾಗಿತ್ತಲ್ಲ ಓಗಾ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನನ್ನ ಮಾತಿಗೆ ಎದುರಾಡಬಾರದು ಅಂತ ಸರಿಯಾಗಿದ್ದ ಎರಡು ಇಂಜಿನ್ ಬಿಚ್ಚಿ, ಕೆಟ್ಟ ಹೆಸರು ಹೊತ್ತು, ನಾಲ್ಕು ತಿಂಗಳು ಈ ಜನರ ನಡುವೆ ತಲೆ ತಗ್ಗಿಸಿ ಓಡಾಡಿದ್ದ.

ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದೆ. ಈ ದೂರು ಸೆಲ್ಚುನ್‌ದಲ್ಲ, ಹಿಂದಿನ ಎರಡೂ ಅವನದಲ್ಲ, ಮೂರೂ ನನ್ನವು. ಮೂರಾದವನು ಬೋರ್ಡು ಇಳಿಸಬೇಕು ಅನ್ನುವ ನಿಯಮ ನನಗೂ ಇದೆ, ಇವತ್ತೇ ಇಳಿಸುತ್ತೇನೆ. ಯಾರೂ ಬೇಡ ಅನ್ನಲಿಲ್ಲ. ಬೇಡ ಅಂದಾರು ಅಂತ ಕಾದದ್ದೂ ನಿಜ.

ಕಾನೆಂಗ್ ಗಡಿಯಾರ ನೋಡಿಕೊಂಡಳು. ಅವಳಿಗಾಗಿ ಇಬ್ಬರು ಬಸುರಿಯರು ಕಾಯುತ್ತಿದ್ದರು.

“ನಿಮ್ಮ ಬೋರ್ಡು ಆಮೇಲೆ ಇಳಿಸ್ಕೊಳ್ಳಿ ಬಾಬಾ. ನನ್ನ ಗಾಡಿ ಯಾರು ಸರಿ ಮಾಡ್ತೀರಾ ಹೇಳಿ.”

“ಹೊಸ ಥರ್ಮೋಸ್ಟಾಟ್ ಹಾಕಿ ಸೆಲ್ಚುನ್ ಮಾಡ್ತಾನಮ್ಮ,” ಅಂದೆ. “ಸ್ಪ್ಯಾನರ್ ಕೊಡೋಕೆ ನಾನು ನಿಲ್ತೀನಿ.”

ಸೆಲ್ಚುನ್ ಬಾನೆಟ್ಟಿನ ಒಳಗೆ ಬಗ್ಗಿದ. ಆಮೇಲೆ ನನ್ನ ಮುಖ ನೋಡದೆ ಕೈ ಹಿಂದಕ್ಕೆ ಚಾಚಿದ.

“ಹತ್ತನೇ ನಂಬರ್,” ಅಂದ.

ಹುಡುಕಿ ಕೊಟ್ಟೆ.